ರಕ್ತದ ಗುಂಪು: ಮೊದಲು ಮಗಳದ್ದು ತಿಳಿಯಲಿ

ಕೋಲಾರ ಜಿಲ್ಲೆಯ ಮಹಿಳೆಯೊಬ್ಬರು ಹೃದಯದ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದರು. ಅವರ ರಕ್ತದ ಗುಂಪು ಓ ಪಾಸಿಟಿವ್. ನಮ್ಮ ದೇಶದಲ್ಲಿ ಇದಕ್ಕಿಂತ ಸುಲಭವಾಗಿ ಸಿಗುವ ಗುಂಪು ಮತ್ತೊಂದಿಲ್ಲ ಎನ್ನಬಹುದು. ಆದರೆ ಹೊಂದಾಣಿಕೆ ನೋಡಿದಾಗ ತಂದಿಟ್ಟ ಓ ಪಾಸಿಟಿವ್ ರಕ್ತದಲ್ಲಿ ಒಂದೂ ಅವರಿಗೆ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರದ ಪ್ರಯೋಗಾಲಯದವರು ಆಗ ಮಾಡಿದ ಕೆಲಸವೆಂದರೆ ಅವರ ಕುಟುಂಬದ ಸುಮಾರು 20 ಮಂದಿಯನ್ನು ಕರೆಸಿ ರಕ್ತ ಪರೀಕ್ಷಿಸಿದ್ದು. ಅವರಲ್ಲೂ ಯಾರದ್ದೂ ಹೊಂದಲಿಲ್ಲ. ಕಡೆಗೆ ವೈದ್ಯರು ಬಹಳ ಎಚ್ಚರದಿಂದ, ಹೊರಗಿನ ರಕ್ತ ಕೊಡದೆಯೇ ಶಸ್ತ್ರಚಿಕಿತ್ಸೆ ಮುಗಿಸಿದರು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿರುವ ಅಂತಾರಾಷ್ಟ್ರೀಯ ಪ್ರಯೋಗಾಲಯಕ್ಕೆ ಮಾದರಿಗಳು ಹೋಗಿ, ಸುಮಾರು ಹತ್ತು ತಿಂಗಳ ಅಧ್ಯಯನ ನಡೆದ ಮೇಲೆ ಗೊತ್ತಾಯಿತು: ಅದುವರೆಗೆ ಜಗತ್ತಿನಲ್ಲಿ ಎಲ್ಲೂ ದಾಖಲಾಗಿರದ ಪ್ರತಿಜನಕವೊಂದರ ಸಂಗತಿ ಇದು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ರಕ್ತವಿಜ್ಞಾನಿಗಳ ಸಮಾವೇಶದಲ್ಲಿ ಅದಕ್ಕೆ ‘ಕ್ರಿಬ್’ ಎಂದು ಹೆಸರಿಟ್ಟದ್ದನ್ನು ಪ್ರಕಟಿಸಲಾಯಿತು. ಕ್ರೋಮರ್ ಎಂಬ ರಕ್ತಗುಂಪು ವ್ಯವಸ್ಥೆ, ಇಂಡಿಯಾ, ಬೆಂಗಳೂರು, ಈ ಮೂರರ ಮೊದಲ ಅಕ್ಷರಗಳಿಂದ ಆ ಹೆಸರು ಬಂದಿದೆ.

ಇಂಥ ಪ್ರಕರಣ ಕೋಟಿಗೊಂದು ಇರಬಹುದು. ಅದನ್ನು ಇಲ್ಲಿ ಎತ್ತಿದ್ದು ಅದರ ಅಪರೂಪಕ್ಕಾಗಿ ಅಲ್ಲ. ತೊಡಕು ಎದುರಾದಾಗ ತಜ್ಞರು ನೇರವಾಗಿ ಮನೆಯವರ ಬಳಿ ಹೋದರಲ್ಲ, ಅದಕ್ಕಾಗಿ. ರಕ್ತದ ಗುಂಪು ಒಬ್ಬ ವ್ಯಕ್ತಿಯ ಗುರುತಿನ ಚೀಟಿಯ ಮೇಲಿನ ಅಕ್ಷರ ಎಂದು ನಾವು ತಿಳಿದಿದ್ದೇವೆ. ಅದು ಅಪ್ಪ ಅಮ್ಮನಿಂದ ಬಂದದ್ದು, ಒಡಹುಟ್ಟಿದವರೊಂದಿಗೆ ಹಂಚಿಕೊಂಡದ್ದು, ನಾಳೆ ಮಕ್ಕಳಿಗೆ ಹೋಗುವುದು. ಹಾಗಾಗಿ ಒಬ್ಬರದ್ದು ಗೊತ್ತಿದ್ದರೆ ಸಿಗುವ ಪ್ರಯೋಜನಕ್ಕಿಂತ ಮನೆಮಂದಿಯದ್ದೆಲ್ಲ ಒಟ್ಟಿಗೆ ಗೊತ್ತಿದ್ದರೆ ಸಿಗುವುದು ಎಷ್ಟೋ ಹೆಚ್ಚು. ಈ ಮಾತಿಗೆ ಓದುಗರು ಪದೇ ಪದೇ ಎತ್ತುವ ಆಕ್ಷೇಪ ಒಂದಿದೆ: ಆಸ್ಪತ್ರೆಗೆ ಹೋದರೆ ಹೇಗಿದ್ದರೂ ಅವರೇ ಪರೀಕ್ಷೆ ಮಾಡುತ್ತಾರೆ, ನಾವೇಕೆ ಮೊದಲೇ ತಿಳಿದಿರಬೇಕು?

ಆಕ್ಷೇಪದ ಮೊದಲ ಅರ್ಧ ಪೂರ್ತಿ ನಿಜ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ನಿಮ್ಮ ಡ್ರೈವಿಂಗ್ ಲೈಸೆನ್ಸ್ ಮೇಲೆ ಏನೇ ಇರಲಿ, ಮಗುವಿನ ಶಾಲೆಯ ಐಡಿ ಕಾರ್ಡಿನಲ್ಲಿ ಏನೇ ಬರೆದಿರಲಿ, ಅದನ್ನು ನಂಬಿ ಯಾವ ವೈದ್ಯರೂ ರಕ್ತ ಏರಿಸುವುದಿಲ್ಲ, ಏರಿಸಲೂಬಾರದು. ರೋಗಿಯ ರಕ್ತವನ್ನು ಹೊಸದಾಗಿ ತೆಗೆದು, ಗುಂಪು ನೋಡಿ, ಕೊಡಬೇಕಾದ ರಕ್ತದೊಂದಿಗೆ ಕ್ರಾಸ್ ಮ್ಯಾಚ್ ಮಾಡಿ, ಆಮೇಲೆ ಕೊಡುತ್ತಾರೆ. ಅಷ್ಟು ಹೊತ್ತು ಕಾಯಲಾಗದ ಸ್ಥಿತಿಯಲ್ಲಿ ಓ ಗುಂಪಿನ ರಕ್ತದಿಂದ ಶುರುಮಾಡುತ್ತಾರೆಯೇ ಹೊರತು ಕಾರ್ಡ್ ನೋಡಿ ಅಲ್ಲ. ಅಂದರೆ ಅಪಘಾತವಾದಾಗ ಜೀವ ಉಳಿಯುತ್ತದೆ ಎಂಬ ಕಾರಣಕ್ಕೆ ರಕ್ತದ ಗುಂಪು ತಿಳಿದಿರಬೇಕು ಎಂದು ಎಲ್ಲೆಡೆ ಹೇಳುವುದುಂಟಲ್ಲ, ಇರುವ ಕಾರಣಗಳಲ್ಲೆಲ್ಲ ತೀರಾ ದುರ್ಬಲವಾದದ್ದು ಅದೇ. ಹೆಲ್ಮೆಟ್ಟಿಗೆ ಗುಂಪಿನ ಸ್ಟಿಕ್ಕರ್ ಅಂಟಿಸಿಕೊಂಡವನಿಗೆ ಅದರಿಂದ ಆಗುವ ಲಾಭ ಅತ್ಯಲ್ಪ. ಗುಂಪು ಮೊದಲೇ ತಿಳಿದಿರುವುದರಿಂದ ನಿಜವಾದ ಲಾಭ ಆಗುವುದು ರಕ್ತ ಪಡೆಯುವ ಗಳಿಗೆಯಲ್ಲಿ ಅಲ್ಲ. ಬಸಿರು ನಿಲ್ಲುವ ಮೊದಲು, ಅಪರೂಪದ ಗುಂಪಿನ ಬಂಧುವನ್ನು ಹುಡುಕುವಾಗ, ನಾವೇ ರಕ್ತ ಕೊಡಲು ಹೊರಟಾಗ ಆ ಲಾಭ ಕಾಣುತ್ತದೆ. ಈ ಮೂರರಲ್ಲಿ ಮೊದಲನೆಯದು ಎಲ್ಲಕ್ಕಿಂತ ದೊಡ್ಡದು ಎಂಬುದು ನನ್ನ ವಾದ. ಆದ್ದರಿಂದಲೇ, ಮನೆಯಲ್ಲಿ ಯಾರದ್ದಾದರೂ ಮೊದಲು ಪರೀಕ್ಷೆಯಾಗಬೇಕು ಎಂದಿದ್ದರೆ ಅದು ಬೈಕ್ ಓಡಿಸುವ ಮಗನದ್ದಲ್ಲ, ಮಗಳದ್ದು.

ಇದು ಅರ್ಥವಾಗಲು ಗುಂಪು ಹೇಗೆ ಬರುತ್ತದೆ ಎಂಬುದರ ಸ್ವಲ್ಪ ತಿಳಿವಳಿಕೆ ಸಾಕು. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಒಬ್ಬರ ರಕ್ತಕಣ ಇನ್ನೊಬ್ಬರ ರಕ್ತದ್ರವದಲ್ಲಿ ಕೆಲವೊಮ್ಮೆ ಗಂಟುಕಟ್ಟುತ್ತದೆ, ಕೆಲವೊಮ್ಮೆ ಇಲ್ಲ ಎಂಬುದನ್ನು ತೋರಿಸಿ, ಇಂದಿನ ಎ, ಬಿ, ಓ ಗುಂಪುಗಳಿಗೆ ತಳಹದಿ ಹಾಕಿದರು. ಅದಕ್ಕಾಗಿ 1930ರಲ್ಲಿ ನೊಬೆಲ್ ಬಂತು. ಕೆಂಪು ರಕ್ತಕಣದ ಮೇಲ್ಮೈಯಲ್ಲಿ ಎ ಎಂಬ ಪ್ರತಿಜನಕ ಇದ್ದರೆ ಎ ಗುಂಪು, ಬಿ ಇದ್ದರೆ ಬಿ, ಎರಡೂ ಇದ್ದರೆ ಎಬಿ, ಎರಡೂ ಇಲ್ಲದಿದ್ದರೆ ಓ. ಇದಲ್ಲದೆ ಡಿ ಎಂಬ ಬೇರೊಂದು ಪ್ರತಿಜನಕ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಪ್ರತಿಯೊಂದಕ್ಕೂ ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಎರಡು ಜೀನ್ ಪ್ರತಿಗಳು ನಮ್ಮಲ್ಲಿರುತ್ತವೆ. ಡಿ ಜೀನಿನ ಒಂದೇ ಒಂದು ಪ್ರತಿ ಇದ್ದರೂ ಆ ವ್ಯಕ್ತಿ ಪಾಸಿಟಿವ್. ಇಲ್ಲೇ ಬಹಳ ಜನ ಎಡವುವುದು. ‘ನಮ್ಮ ಮನೆತನದಲ್ಲಿ ಯಾರೂ ನೆಗೆಟಿವ್ ಇಲ್ಲ, ಅಪ್ಪ ಅಮ್ಮ ಇಬ್ಬರೂ ಪಾಸಿಟಿವ್, ಹಾಗಾಗಿ ಮಗಳೂ ಪಾಸಿಟಿವ್ ಇರಬೇಕು’ ಎಂಬ ಲೆಕ್ಕ ತಪ್ಪು. ಭಾರತದಲ್ಲಿ ನೆಗೆಟಿವ್ ಇರುವವರು ನೂರಕ್ಕೆ ಸುಮಾರು ಐದು ಮಂದಿ. ಈ ಐದು ಮಂದಿಯಲ್ಲಿ ಎರಡೂ ಪ್ರತಿಗಳು ಡಿ ಇಲ್ಲದವು. ಅನುವಂಶಿಕತೆಯ ಗಣಿತವನ್ನು ಇದಕ್ಕೆ ಹೊಂದಿಸಿದರೆ, ಉಳಿದವರಲ್ಲಿ ಸುಮಾರು 35 ಮಂದಿ ತಾವು ಪಾಸಿಟಿವ್ ಆಗಿದ್ದುಕೊಂಡೇ ಒಂದು ನೆಗೆಟಿವ್ ಪ್ರತಿಯನ್ನು ಒಳಗೆ ಹೊತ್ತಿರುತ್ತಾರೆ. ಅಂಥ ಇಬ್ಬರು ಮದುವೆಯಾದರೆ ಹುಟ್ಟುವ ಪ್ರತಿ ಮಗುವೂ ನೆಗೆಟಿವ್ ಆಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ತಲೆಮಾರುಗಟ್ಟಲೆ ಕಾಣಿಸದೆ ಬಂದದ್ದು ಮೊಮ್ಮಗಳಲ್ಲಿ ಕಾಣಿಸಿಕೊಳ್ಳಬಹುದು. ಊಹೆಗೆ ಇಲ್ಲಿ ಜಾಗವಿಲ್ಲ, ಪರೀಕ್ಷೆಯೇ ಆಗಬೇಕು.

ನೆಗೆಟಿವ್ ಇರುವುದು ಕಾಯಿಲೆಯಲ್ಲ, ಕೊರತೆಯೂ ಅಲ್ಲ. ಗಂಡಸಿಗೆ ಅದರಿಂದ ಜೀವಮಾನವಿಡೀ ಯಾವ ತೊಂದರೆಯೂ ಬಾರದಿರಬಹುದು. ಹೆಂಗಸಿನ ವಿಷಯ ಬೇರೆಯಾಗುವುದು ಆಕೆಯ ಹೊಟ್ಟೆಯಲ್ಲಿ ಪಾಸಿಟಿವ್ ಮಗು ಬೆಳೆಯುವಾಗ. 1939ರಲ್ಲಿ ಅಮೆರಿಕದ ಫಿಲಿಪ್ ಲೆವೀನ್ ಮತ್ತು ರೂಫಸ್ ಸ್ಟೆಟ್ಸನ್ ಒಂದು ಪ್ರಕರಣವನ್ನು ಪ್ರಕಟಿಸಿದರು. ಸತ್ತ ಮಗುವನ್ನು ಹೆತ್ತ ತಾಯಿಯೊಬ್ಬಳಿಗೆ ಗಂಡನ ರಕ್ತ ಕೊಟ್ಟಿದ್ದರು. ಇಬ್ಬರದ್ದೂ ಓ ಗುಂಪೇ. ಆದರೂ ಆಕೆಯ ದೇಹ ಆ ರಕ್ತವನ್ನು ತೀವ್ರವಾಗಿ ತಿರಸ್ಕರಿಸಿತು. ಮಗು ತಂದೆಯಿಂದ ಪಡೆದಿದ್ದ, ತಾಯಿಯಲ್ಲಿ ಇಲ್ಲದ ಯಾವುದೋ ಅಂಶದ ವಿರುದ್ಧ ಆಕೆಯ ದೇಹ ಬಸಿರಿನಲ್ಲೇ ಪ್ರತಿಕಾಯ ತಯಾರಿಸಿಕೊಂಡಿತ್ತು ಎಂದು ಅವರು ಸರಿಯಾಗಿಯೇ ಗ್ರಹಿಸಿದರು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್ ರೀಸಸ್ ಕೋತಿಗಳ ರಕ್ತದ ಮೇಲೆ ಮಾಡಿದ ಪ್ರಯೋಗದಿಂದ ಆರ್‌ಎಚ್ ಎಂಬ ಹೆಸರು ಬಂತು. ನಡೆಯುವುದು ಇಷ್ಟು: ಹೆರಿಗೆಯ ಹೊತ್ತಿಗೆ, ಕೆಲವೊಮ್ಮೆ ಅದಕ್ಕೂ ಮೊದಲು, ಮಗುವಿನ ಒಂದಿಷ್ಟು ರಕ್ತಕಣಗಳು ಮಾಸನ್ನು ದಾಟಿ ತಾಯಿಯ ರಕ್ತಕ್ಕೆ ಸೇರುತ್ತವೆ. ಡಿ ಎಂಬುದನ್ನೇ ಕಾಣದ ತಾಯಿಯ ದೇಹ ಅದನ್ನು ಹೊರಗಿನ ಶತ್ರುವೆಂದು ತಿಳಿದು ಪ್ರತಿಕಾಯ ತಯಾರಿಸುತ್ತದೆ. ಮೊದಲ ಮಗು ಅಷ್ಟು ಹೊತ್ತಿಗೆ ಹೊರಬಂದಿರುವುದರಿಂದ ಸಾಮಾನ್ಯವಾಗಿ ಪಾರಾಗುತ್ತದೆ. ಎರಡನೆಯ ಪಾಸಿಟಿವ್ ಮಗು ಹೊಟ್ಟೆಯಲ್ಲಿರುವಾಗ ಆ ಪ್ರತಿಕಾಯಗಳು ಮಾಸು ದಾಟಿ ಬಂದು ಅದರ ಕೆಂಪು ಕಣಗಳನ್ನು ಒಡೆಯತೊಡಗುತ್ತವೆ. ಮಗುವಿಗೆ ರಕ್ತಹೀನತೆ, ಹುಟ್ಟಿದ ಮೊದಲ ದಿನವೇ ಏರುವ ಕಾಮಾಲೆ, ಆ ಕಾಮಾಲೆ ಮಿದುಳಿಗೆ ಮುಟ್ಟಿದರೆ ಶಾಶ್ವತ ಹಾನಿ, ತೀರಾ ಕೆಟ್ಟ ಸಂದರ್ಭದಲ್ಲಿ ಮೈಯೆಲ್ಲ ನೀರು ತುಂಬಿ ಗರ್ಭದಲ್ಲೇ ಸಾವು.

‘ಮೊದಲನೆಯದು ಚೆನ್ನಾಗಿ ಆಯಿತು, ಆಮೇಲೆ ಒಂದೂ ನಿಲ್ಲಲಿಲ್ಲ’ ಎಂದು ಹಿಂದಿನವರು ಹೇಳುತ್ತಿದ್ದ ಎಷ್ಟೋ ಸಂಸಾರಗಳ ದುಃಖಕ್ಕೆ ಇದೂ ಒಂದು ಕಾರಣವಾಗಿದ್ದಿರಬೇಕು. ಅದಕ್ಕೆ ಆ ಹೆಂಗಸಿನ ಕಾಲ್ಗುಣವನ್ನೋ ಗ್ರಹಗತಿಯನ್ನೋ ದೂರಿದ್ದೂ ಉಂಟು. ಆದರೆ 1968ರಿಂದ ಈ ದುಃಖ ತಪ್ಪಿಸಬಹುದಾದದ್ದು. ಆ ವರ್ಷ ಬಳಕೆಗೆ ಬಂದ ಆಂಟಿ-ಡಿ ಚುಚ್ಚುಮದ್ದು ತಾಯಿಯ ರಕ್ತಕ್ಕೆ ಬಂದುಸೇರಿದ ಮಗುವಿನ ಕಣಗಳನ್ನು, ಆಕೆಯ ದೇಹ ಗುರುತಿಸಿ ನೆನಪಿಟ್ಟುಕೊಳ್ಳುವ ಮೊದಲೇ ಇಲ್ಲವಾಗಿಸುತ್ತದೆ. ಇದನ್ನು ತಯಾರಿಸುವುದು ದಾನಿಗಳ ಪ್ಲಾಸ್ಮಾದಿಂದ. 2025ರಲ್ಲಿ ತೀರಿಕೊಂಡ ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಅಂಥ ಪ್ಲಾಸ್ಮಾವನ್ನು 1,173 ಬಾರಿ ಕೊಟ್ಟವರು. ಯಾವ ತಡೆಯೂ ಇಲ್ಲದಿದ್ದರೆ ಪಾಸಿಟಿವ್ ಮಗು ಹೆತ್ತ ನೆಗೆಟಿವ್ ತಾಯಂದಿರಲ್ಲಿ ನೂರಕ್ಕೆ ಸುಮಾರು 16 ಮಂದಿಯಲ್ಲಿ ಪ್ರತಿಕಾಯ ಹುಟ್ಟುತ್ತದೆ. ಹೆರಿಗೆಯಾದ 72 ಗಂಟೆಯೊಳಗೆ ಚುಚ್ಚುಮದ್ದು ಕೊಟ್ಟರೆ ಅದು ಒಂದೆರಡಕ್ಕೆ ಇಳಿಯುತ್ತದೆ. ಬಸಿರಿನ 28ನೇ ವಾರದಲ್ಲೂ ಒಂದು ಕೊಟ್ಟರೆ ನೂರಕ್ಕೆ ಒಂದಕ್ಕಿಂತಲೂ ಬಹಳ ಕಡಿಮೆಯಾಗುತ್ತದೆ. ಆದರೆ ಪ್ರತಿಕಾಯ ಒಮ್ಮೆ ಹುಟ್ಟಿಬಿಟ್ಟರೆ ಈ ಚುಚ್ಚುಮದ್ದಿನಿಂದ ಏನೂ ಪ್ರಯೋಜನವಿಲ್ಲ. ಅದನ್ನು ಅಳಿಸುವ ಔಷಧ ಇಲ್ಲ. ಎಲ್ಲವೂ ನಿಂತಿರುವುದು ಸಮಯದ ಮೇಲೆ.

ಇಲ್ಲಿ ಇನ್ನೊಂದು ಆಕ್ಷೇಪ ಬರುತ್ತದೆ. ತಾಯಿ ಕಾರ್ಡ್ ಮಾಡಿಸುವಾಗ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ರಕ್ತದ ಗುಂಪು ನೋಡಿ ಬರೆಯುತ್ತಾರೆ, ಆಶಾ ಕಾರ್ಯಕರ್ತೆ ಮನೆಗೇ ಬಂದು ವಿಚಾರಿಸುತ್ತಾರೆ, ಹಾಗಿರುವಾಗ ಮದುವೆಗೆ ಮೊದಲೇ ಏಕೆ? ಮೊದಲ ಬಸಿರು ಹೆರಿಗೆಯವರೆಗೂ ಹೋಗಿ, ಆ ಹೆಂಗಸು ಸಕಾಲಕ್ಕೆ ಆರೋಗ್ಯ ಕೇಂದ್ರಕ್ಕೆ ಬಂದರೆ ಈ ವ್ಯವಸ್ಥೆ ಸಾಕು. ಅದು ಲಕ್ಷಾಂತರ ತಾಯಂದಿರನ್ನು ಕಾದಿದೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಎಲ್ಲ ಬಸಿರೂ ಕಾರ್ಡಿನವರೆಗೆ ಬರುವುದಿಲ್ಲ. ಮೊದಲ ತಿಂಗಳುಗಳಲ್ಲೇ ಇಳಿದುಹೋಗುವ ಬಸಿರು ಇದೆ. ಗರ್ಭನಾಳದಲ್ಲಿ ನಿಂತು ತುರ್ತಾಗಿ ತೆಗೆಸಬೇಕಾಗುವ ಬಸಿರು ಇದೆ. ಯಾರಿಗೂ ಹೇಳದೆ ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ಮನೆಯಲ್ಲೇ ಮುಗಿಸಿಕೊಳ್ಳುವುದೂ ಇದೆ. ಅಂಥವಳು ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ಈ ಸಂದರ್ಭಗಳಲ್ಲೂ, ಬಸಿರು ಎಷ್ಟು ವಾರದ್ದು ಎಂಬುದರ ಮೇಲೆ, ಮಗುವಿನ ಕಣಗಳು ತಾಯಿಯ ರಕ್ತಕ್ಕೆ ಸೇರಿರಬಹುದು. ಚುಚ್ಚುಮದ್ದು ಬೇಕೋ ಬೇಡವೋ ಎಂಬುದನ್ನು ವೈದ್ಯರು ತೀರ್ಮಾನಿಸಬೇಕು. ಆದರೆ ತಾನು ನೆಗೆಟಿವ್ ಎಂದು ಗೊತ್ತೇ ಇಲ್ಲದ ಹೆಣ್ಣುಮಗಳು ಆ ಪ್ರಶ್ನೆಯನ್ನು ವೈದ್ಯರ ಮುಂದೆ ಇಡುವುದಾದರೂ ಹೇಗೆ? 72 ಗಂಟೆ ಎಂದರೆ ಮೂರು ದಿನ. ರಕ್ತಸ್ರಾವ ಶುರುವಾಗಿ, ಮನೆಯವರು ಒಂದು ದಿನ ಕಾದು ನೋಡಿ, ಹತ್ತಿರದ ಊರಿನ ಆಸ್ಪತ್ರೆಗೆ ಹೋಗಿ, ಅಲ್ಲಿಂದ ತಾಲ್ಲೂಕಿಗೆ ಬರುವಷ್ಟರಲ್ಲಿ ಅದರಲ್ಲಿ ಅರ್ಧ ಕಳೆದಿರುತ್ತದೆ. ಗುಂಪು ಮೊದಲೇ ಗೊತ್ತಿದ್ದವಳು ಮೊದಲ ಫೋನಿನಲ್ಲೇ ‘ನನ್ನದು ನೆಗೆಟಿವ್’ ಎಂದು ಹೇಳಬಲ್ಲಳು. ಹೆಲ್ಮೆಟ್ಟಿನ ಸ್ಟಿಕ್ಕರ್ ಮಾಡಲಾಗದ ಕೆಲಸವನ್ನು ಆ ಎರಡು ಶಬ್ದ ಮಾಡುತ್ತವೆ.

ಹಾಗೆ ಹೇಳಿದರೆ ಮದುವೆಯ ಮಾತುಕತೆಯಲ್ಲಿ ‘ಹುಡುಗಿ ನೆಗೆಟಿವ್ ಅಂತೆ’ ಎಂದು ಸಂಬಂಧ ಮುರಿಯುವುದಿಲ್ಲವೆ ಎಂಬ ಹೆತ್ತವರ ಭಯ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಮುಚ್ಚಿಟ್ಟರೆ ಆ ಹುಡುಗಿ ಗಂಡನ ಮನೆಗೆ ಹೋದ ಮೇಲೆ ಆ ಗುಟ್ಟನ್ನು ಒಬ್ಬಳೇ ಹೊರಬೇಕಾಗುತ್ತದೆ, ಅವಸರದ ಹೊತ್ತಿಗೆ ಬಾಯಿಬಿಡಲು ಹೆದರಬೇಕಾಗುತ್ತದೆ. ಈ ಭಯವನ್ನು ಕರಗಿಸುವ ದಾರಿ ತಿಳಿವಳಿಕೆಯದೇ. ಗಂಡನೂ ನೆಗೆಟಿವ್ ಆಗಿದ್ದರೆ ಮಗು ನೆಗೆಟಿವ್ ಆಗುತ್ತದೆ, ತೊಂದರೆಯೇ ಇಲ್ಲ. ಗಂಡ ಪಾಸಿಟಿವ್ ಇದ್ದು ಒಂದು ನೆಗೆಟಿವ್ ಪ್ರತಿ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ಮಗು ಪಾಸಿಟಿವ್ ಆಗುವ ಸಾಧ್ಯತೆ ಅರ್ಧಕ್ಕರ್ಧ ಮಾತ್ರ. ಅವನ ಎರಡೂ ಪ್ರತಿಗಳು ಪಾಸಿಟಿವ್ ಇದ್ದರೂ ಸಕಾಲದ ಚುಚ್ಚುಮದ್ದು ಆ ಮದುವೆಯಲ್ಲಿ ಎಷ್ಟು ಮಕ್ಕಳಾದರೂ ಕಾಯುತ್ತದೆ. ಹಾಗಾಗಿ ಹುಡುಗಿಯ ಗುಂಪು ಕೇಳುವವರು ಹುಡುಗನದ್ದನ್ನೂ ಹೇಳಬೇಕು. ಇದರ ಜೊತೆಗೇ ಹರಡಿರುವ ಮತ್ತೊಂದು ನಂಬಿಕೆ, ಗಂಡ ಹೆಂಡತಿಯರದ್ದು ಒಂದೇ ಗುಂಪಾಗಿದ್ದರೆ ಮಕ್ಕಳಿಗೆ ದೋಷ ಎಂಬುದು. ಅದಕ್ಕೆ ಆಧಾರವಿಲ್ಲ. ನಮ್ಮಲ್ಲಿ ಓ ಮತ್ತು ಬಿ ಗುಂಪಿನವರೇ ಸೇರಿ ಮೂರರಲ್ಲಿ ಎರಡು ಪಾಲು ಇದ್ದಾರೆ. ಒಂದೇ ಗುಂಪಿನವರು ಮದುವೆಯಾಗಬಾರದು ಎಂಬುದು ನಿಜವಾಗಿದ್ದರೆ ನಮ್ಮ ಊರಿನ ಎಷ್ಟೋ ಸಂಸಾರಗಳು ಸಂಕಟದಲ್ಲಿರಬೇಕಿತ್ತು. ಮದುವೆಗೆ ಮೊದಲು ನಿಜಕ್ಕೂ ನೋಡಬೇಕಾದ ರಕ್ತಪರೀಕ್ಷೆ ಬೇರೆ ಇದೆ. ಥಲಸ್ಸೀಮಿಯಾ ಅಥವಾ ಕುಡಗೋಲು ಕಣ ರೋಗದ ಜೀನನ್ನು ಇಬ್ಬರೂ ಹೊತ್ತಿದ್ದಾರೆಯೇ ಎಂಬುದು ಹಿಮೋಗ್ಲೋಬಿನ್‌ನ ಪರೀಕ್ಷೆಯಿಂದ ತಿಳಿಯುತ್ತದೆ, ರಕ್ತದ ಗುಂಪಿನಿಂದ ತಿಳಿಯುವುದಿಲ್ಲ. ಗುಂಪು ಕೂಡಿಸಿ ನೋಡಿ ನೆಮ್ಮದಿಪಟ್ಟು ಈ ಪರೀಕ್ಷೆಯನ್ನು ಬಿಡುವುದು ದೊಡ್ಡ ನಷ್ಟ. ಇನ್ನು ಗುಂಪಿಗೆ ತಕ್ಕ ಊಟ, ಗುಂಪಿಗೆ ತಕ್ಕ ಸ್ವಭಾವ ಎಂಬ ಮಾತುಗಳಿಗೆ ವಿಜ್ಞಾನದ ಬೆಂಬಲ ಸಿಕ್ಕಿಲ್ಲ. ಅಷ್ಟು ಹೇಳಿದರೆ ಸಾಕು.

ನಮ್ಮ ಮದುವೆಗಳ ಬಗ್ಗೆ ಮಾತಾಡುವಾಗ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯನ್ನು ಬಿಡಲಾಗದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿಯದ್ದು ಬಂಧುಗಳೊಳಗಿನ ಮದುವೆ. ಒಂದೇ ಬೇರಿನಿಂದ ಬಂದ ಅಪರೂಪದ ಜೀನ್ ಗಂಡ ಹೆಂಡತಿ ಇಬ್ಬರಲ್ಲೂ ಇರುವ ಸಾಧ್ಯತೆ ಇಂಥಲ್ಲಿ ಹೆಚ್ಚು. ಬಾಂಬೆ ರಕ್ತದ ಗುಂಪು ಇದಕ್ಕೆ ತಕ್ಕ ಉದಾಹರಣೆ. 1952ರಲ್ಲಿ ಮುಂಬೈಯಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಕಂಡುಹಿಡಿದ ಈ ಗುಂಪು ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿದೆ. ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು. ಎ ಮತ್ತು ಬಿ ಪ್ರತಿಜನಕಗಳು ಬೆಳೆಯುವುದು ಎಚ್ ಎಂಬ ತಳದ ಮೇಲೆ. ಓ ಗುಂಪಿನವರಲ್ಲಿ ಎ, ಬಿ ಇಲ್ಲದಿದ್ದರೂ ಎಚ್ ಇರುತ್ತದೆ. ಬಾಂಬೆ ಗುಂಪಿನವರಲ್ಲಿ ಆ ಎಚ್ ಕೂಡ ಇಲ್ಲ. ಹಾಗಾಗಿ ಅವರಿಗೆ ಓ ಗುಂಪಿನ ರಕ್ತವೂ ವಿಷ. ಅಪಾಯ ಇರುವುದು ಇಲ್ಲಿ: ರಕ್ತಕಣವನ್ನು ಮಾತ್ರ ನೋಡುವ ಸರಳ ಪರೀಕ್ಷೆಯಲ್ಲಿ ಬಾಂಬೆ ಗುಂಪು ಓ ಎಂದೇ ಕಾಣುತ್ತದೆ. ಶಿಬಿರದಲ್ಲಿ ಸ್ಲೈಡಿನ ಮೇಲೆ ಎರಡು ಹನಿ ಬೆರೆಸಿ ‘ಓ’ ಎಂದು ಬರೆದುಕೊಟ್ಟ ಕಾರ್ಡು ಜೀವನವಿಡೀ ತಪ್ಪಾಗಿರಬಹುದು. ರಕ್ತದ್ರವವನ್ನು ಓ ಕಣಗಳೊಂದಿಗೆ ಬೆರೆಸಿ ನೋಡುವ ರಿವರ್ಸ್ ಗ್ರೂಪಿಂಗ್ ಮಾಡಿದಾಗ ಮಾತ್ರ ಸತ್ಯ ಹೊರಬೀಳುತ್ತದೆ. ಒಬ್ಬರದ್ದು ಬಾಂಬೆ ಗುಂಪು ಎಂದು ತಿಳಿದ ದಿನವೇ ಅವರ ಅಣ್ಣ ತಮ್ಮ, ಅಕ್ಕ ತಂಗಿಯರ ರಕ್ತವನ್ನೂ ನೋಡಿಸಬೇಕು. ಒಡಹುಟ್ಟಿದ ಪ್ರತಿಯೊಬ್ಬರಲ್ಲೂ ಅದೇ ಗುಂಪಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಊರೆಲ್ಲ ಹುಡುಕಿದರೂ ಅಷ್ಟು ಸಾಧ್ಯತೆ ಸಿಗದು. ಬಾಂಬೆ ಗುಂಪಿನ ದಾನಿಗಳ ಪಟ್ಟಿ ಇಟ್ಟುಕೊಂಡಿರುವ ಸಂಸ್ಥೆಗಳು ಬೆಂಗಳೂರಿನಲ್ಲೂ ಇವೆ. ಅವಸರ ಬಂದಾಗ ಹೆಸರು ಕೂಗುವುದಕ್ಕಿಂತ, ಆರೋಗ್ಯವಾಗಿರುವಾಗಲೇ ಅಲ್ಲಿ ಹೆಸರು ಬರೆಸುವುದು ಆ ಕುಟುಂಬ ತನಗೇ ಮಾಡಿಕೊಳ್ಳುವ ಉಪಕಾರ.

ಇಷ್ಟು ಹೇಳಿದ ಮೇಲೆ ಒಂದು ತಪ್ಪು ತೀರ್ಮಾನವನ್ನು ತಡೆಯಬೇಕು. ಮನೆಯವರ ಗುಂಪು ಗೊತ್ತಿದ್ದರೆ ಮನೆಯವರೇ ಮನೆಯವರಿಗೆ ರಕ್ತ ಕೊಡಬಹುದು, ನಮ್ಮದೇ ರಕ್ತ ಎಲ್ಲಕ್ಕಿಂತ ಸುರಕ್ಷಿತ ಎಂದು ಬಹಳ ಜನ ಭಾವಿಸುತ್ತಾರೆ. ಸಾಮಾನ್ಯ ಗುಂಪಿನವರ ಮಟ್ಟಿಗೆ ಇದು ಸರಿಯಲ್ಲ. ತಾಯಿಯೋ ಮಗನೋ ಕೊಟ್ಟ ರಕ್ತದಲ್ಲಿರುವ ಬಿಳಿ ರಕ್ತಕಣಗಳು ಪಡೆಯುವವರ ಕಣಗಳನ್ನು ಬಹಳಷ್ಟು ಹೋಲುತ್ತವೆ. ಪಡೆದ ದೇಹ ಅವನ್ನು ಹೊರಗಿನದೆಂದು ಗುರುತಿಸಿ ನಾಶಮಾಡುವುದಿಲ್ಲ. ಆದರೆ ಒಳಸೇರಿದ ಆ ಕಣಗಳು ಆಶ್ರಯ ಕೊಟ್ಟ ದೇಹದ ಮೇಲೆಯೇ ತಿರುಗಿ ಬೀಳಬಹುದು. ಇದು ಬಹಳ ವಿರಳ, ಆದರೆ ಹೀಗಾದಾಗ ಬದುಕುಳಿಯುವವರು ತೀರಾ ಕಡಿಮೆ. ಹಾಗಾಗಿ ಹತ್ತಿರದ ಬಂಧುಗಳ ರಕ್ತವನ್ನು ಕೊಡಲೇಬೇಕಾದಾಗ ಅದನ್ನು ಮೊದಲು ವಿಕಿರಣಕ್ಕೆ ಒಡ್ಡಿ ಬಿಳಿ ಕಣಗಳ ಶಕ್ತಿ ಕುಂದಿಸುತ್ತಾರೆ. ಆ ಯಂತ್ರ ಎಲ್ಲ ರಕ್ತ ಕೇಂದ್ರಗಳಲ್ಲೂ ಇರುವುದಿಲ್ಲ. ಮಕ್ಕಳಾಗುವ ವಯಸ್ಸಿನ ಹೆಂಡತಿಗೆ ಗಂಡ ರಕ್ತ ಕೊಡುವುದೂ ಒಳ್ಳೆಯದಲ್ಲ. ಲೆವೀನ್ ಕಂಡ ಪ್ರಕರಣವೇ ಅದಕ್ಕೆ ಕಾರಣ ಹೇಳುತ್ತದೆ. ಸುರಕ್ಷಿತವಾದದ್ದು ಗುರುತಿಲ್ಲದ ಸ್ವಯಂಪ್ರೇರಿತ ದಾನಿ ಆರೋಗ್ಯವಾಗಿರುವಾಗ ಬಂದು ಕೊಟ್ಟ, ಪರೀಕ್ಷೆಯಾಗಿ ಕಪಾಟಿನಲ್ಲಿ ಸಿದ್ಧವಾಗಿರುವ ರಕ್ತ. ಹಣಕ್ಕೆ ರಕ್ತ ಮಾರುವುದನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿ, 1998ರ ಆರಂಭದಿಂದ ಅದು ನಿಷಿದ್ಧವಾದ ಮೇಲೆ ಈ ಕಪಾಟನ್ನು ತುಂಬುವ ಹೊಣೆ ನಮ್ಮ ಮೇಲೆಯೇ ಇದೆ. ಕೆಂಪು ಕಣಗಳು ಕೆಡದೆ ಉಳಿಯುವುದು 35ರಿಂದ 42 ದಿನ, ಪ್ಲೇಟ್‌ಲೆಟ್‌ಗಳು ಐದೇ ದಿನ. ಮನೆಯಲ್ಲಿ ನೆಗೆಟಿವ್ ಗುಂಪಿನವರಿದ್ದರೆ ಅವರು ಹಬ್ಬಕ್ಕೊಂದು ಶಿಬಿರ ನೋಡಿ ಹೋಗುವ ಬದಲು, ಹತ್ತಿರದ ರಕ್ತ ಕೇಂದ್ರದಲ್ಲಿ ಹೆಸರು ಕೊಟ್ಟು ಬೇಕಾದಾಗ ಕರೆಸಿಕೊಳ್ಳಿ ಎನ್ನುವುದು ಹೆಚ್ಚು ಉಪಯೋಗದ್ದು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು.

ಮನೆಮಂದಿಯ ಗುಂಪುಗಳನ್ನು ಒಟ್ಟಿಗೆ ಬರೆದಾಗ ಕೆಲವೊಮ್ಮೆ ಲೆಕ್ಕ ಕೂಡದೆ ಹೋಗುತ್ತದೆ, ಅದರಿಂದ ಸಂಸಾರದಲ್ಲಿ ಅನುಮಾನದ ಬೀಜ ಬೀಳುತ್ತದೆ, ಗೊತ್ತಿಲ್ಲದಿರುವುದೇ ಒಳ್ಳೆಯದು ಎನ್ನುವವರಿದ್ದಾರೆ. ಶಾಲೆಯ ಜೀವಶಾಸ್ತ್ರದ ಪಾಠದ ಪ್ರಕಾರ ಎಬಿ ಗುಂಪಿನ ತಂದೆಗೆ ಓ ಗುಂಪಿನ ಮಗು ಹುಟ್ಟುವಂತಿಲ್ಲ. ಆದರೆ ಆ ಮಗು ಬಾಂಬೆ ಗುಂಪಿನದ್ದಾಗಿದ್ದರೆ ಹುಟ್ಟಬಹುದು. ಎ ಮತ್ತು ಬಿ ಎರಡೂ ಒಂದೇ ಪ್ರತಿಯಲ್ಲಿ ಸೇರಿ ಬರುವ ವಿರಳ ಬಗೆ ತಂದೆಯಲ್ಲಿದ್ದರೂ ಹುಟ್ಟಬಹುದು. ತೀರಾ ದುರ್ಬಲವಾದ ಎ ಇರುವವರನ್ನು ಓ ಎಂದು ಬರೆದಿರಬಹುದು. ಇವೆಲ್ಲಕ್ಕಿಂತ ಹೆಚ್ಚಿನ ಸಾಧ್ಯತೆ ಎಂದರೆ ಮೂವರಲ್ಲಿ ಒಬ್ಬರ ವರದಿಯನ್ನು ಯಾರೋ ತಪ್ಪಾಗಿ ಬರೆದಿರುವುದು. ಮಗು ಯಾರದ್ದು ಎಂಬುದನ್ನು ಗುಂಪಿನ ಪಟ್ಟಿಯಿಂದ ತೀರ್ಮಾನಿಸುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ. 1993ರ ಗೌತಮ್ ಕುಂಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗುವಿನ ತಂದೆ ಯಾರೆಂದು ತಿಳಿಯಲು ರಕ್ತಪರೀಕ್ಷೆಗೆ ಕೋರ್ಟುಗಳು ಸುಮ್ಮಸುಮ್ಮನೆ ಆದೇಶ ಕೊಡಬಾರದು ಎಂದಿದೆ. ಕೋರ್ಟೇ ಅಷ್ಟು ಎಚ್ಚರ ವಹಿಸುವಾಗ ಮನೆಯ ಜಗುಲಿಯಲ್ಲಿ ಕುಳಿತು ಆ ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ. ಲೆಕ್ಕ ಕೂಡದಿದ್ದರೆ ಮಾಡಬೇಕಾದದ್ದು ಒಂದೇ, ಒಳ್ಳೆಯ ರಕ್ತ ಕೇಂದ್ರದಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸುವುದು.

ಪರೀಕ್ಷೆ ಎಂದರೆ ಬೆರಳು ಚುಚ್ಚಿ ಸ್ಲೈಡಿನ ಮೇಲೆ ನೋಡುವುದಲ್ಲ, ತೋಳಿನಿಂದ ರಕ್ತ ತೆಗೆದು ಕಣ ಮತ್ತು ದ್ರವ ಎರಡನ್ನೂ ನೋಡುವ ಪರೀಕ್ಷೆಯಾಗಬೇಕು. ರಕ್ತದಾನ ಮಾಡಿದವರ ಗುಂಪನ್ನು ರಕ್ತ ಕೇಂದ್ರದವರು ಹೀಗೆಯೇ ನೋಡುತ್ತಾರೆ. ಎಳೆಗೂಸಿನ ದೇಹ ತನ್ನದೇ ಪ್ರತಿಕಾಯಗಳನ್ನು ತಯಾರಿಸಲು ನಾಲ್ಕಾರು ತಿಂಗಳಾದರೂ ಬೇಕು. ಹಾಗಾಗಿ ಹೆರಿಗೆಯ ದಿನ ಆಸ್ಪತ್ರೆಯವರು ಕೊಟ್ಟ ಚೀಟಿಯನ್ನೇ ಕೊನೆಯ ಮಾತೆಂದು ಇಟ್ಟುಕೊಳ್ಳದೆ ಶಾಲೆಗೆ ಸೇರಿಸುವ ವಯಸ್ಸಿನಲ್ಲಿ ಮತ್ತೊಮ್ಮೆ ನೋಡಿಸಬೇಕು. ಒಂದು ಕಡೆ ಪಾಸಿಟಿವ್, ಇನ್ನೊಂದು ಕಡೆ ನೆಗೆಟಿವ್ ಎಂದು ಬಂದರೆ ಅದು ಲ್ಯಾಬಿನವರ ತಪ್ಪೇ ಆಗಿರಬೇಕೆಂದಿಲ್ಲ. ಡಿ ತೀರಾ ದುರ್ಬಲವಾಗಿರುವವರನ್ನು ರಕ್ತ ಕೊಡುವಾಗ ಪಾಸಿಟಿವ್ ಎಂದೂ, ಪಡೆಯುವಾಗ ನೆಗೆಟಿವ್ ಎಂದೂ ಪರಿಗಣಿಸುವುದುಂಟು. ಅಂಥವರು ಎರಡೂ ವರದಿಗಳನ್ನು ಜೋಪಾನವಾಗಿ ಇಟ್ಟು ವೈದ್ಯರಿಗೆ ತೋರಿಸಬೇಕು. ಮಗಳು ನೆಗೆಟಿವ್ ಎಂದಾದರೆ ಅವಳಿಗೆ ರಕ್ತ ಕೊಡಬೇಕಾಗಿ ಬಂದಾಗಲೆಲ್ಲ ಚಿಕ್ಕಂದಿನಿಂದಲೇ ನೆಗೆಟಿವ್ ರಕ್ತವೇ ಬೇಕೆಂದು ಕೇಳಬೇಕು, ಏಕೆಂದರೆ ಪಾಸಿಟಿವ್ ರಕ್ತ ಒಮ್ಮೆ ಸೇರಿದರೂ ಬಸಿರಿಗೆ ಮೊದಲೇ ಪ್ರತಿಕಾಯ ಹುಟ್ಟಬಹುದು. ಬಸಿರಾದ ಮೇಲೆ ಆಂಟಿ-ಡಿ ಕೊಟ್ಟರೆ ಯಾವ ತಾರೀಖಿಗೆ, ಎಷ್ಟು ಪ್ರಮಾಣ ಎಂಬುದನ್ನು ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಬೇಕು. ಚುಚ್ಚುಮದ್ದು ಆದ ಕೆಲವು ವಾರಗಳ ತನಕ, ತಾಯಿಯ ರಕ್ತದಲ್ಲಿ ಪ್ರತಿಕಾಯ ಇದೆಯೇ ಎಂದು ನೋಡುವ ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಪಾಸಿಟಿವ್ ಬರಬಹುದು. ಆ ಪ್ರತಿಕಾಯ ಸಿರಿಂಜಿನಿಂದ ಬಂದದ್ದೋ, ತಾಯಿಯ ದೇಹವೇ ತಯಾರಿಸಿದ್ದೋ ಎಂದು ಬಿಡಿಸಿ ಹೇಳಲು ವೈದ್ಯರಿಗೆ ಆ ತಾರೀಖು ಬೇಕಾಗುತ್ತದೆ.